ತಲೆ ಒಂದೇ ಕಡೆಗಿಟ್ಟು ಮಲಗದ ಅಣುಗಳು

ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಕೈಯಾರೆ ತಯಾರಿಸಿದ ಮೊದಲ ಸಂಯುಕ್ತದ ಅಣುವಿನಲ್ಲಿ ಎಸ್ಟರ್ ಕೊಂಡಿಗಳಿಂದ ಜೋಡಿಸಿದ ಮೂರು ಬೆಂಜೀನ್ ಉಂಗುರಗಳಿದ್ದವು. ಒಂದು ತುದಿಗೆ ಎಂಟು ಇಂಗಾಲಗಳ ಆಲ್ಕಾಕ್ಸಿ ಸರಪಳಿ, ಮತ್ತೊಂದು ತುದಿಗೆ ನೈಟ್ರೋ ಗುಂಪು. ಆಲ್ಕಾಕ್ಸಿಯ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಉಂಗುರದೊಳಕ್ಕೆ ತಳ್ಳುತ್ತದೆ, ನೈಟ್ರೋ ಗುಂಪು ಅವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಲೇಸರ್ ಬೆಳಕಿನ ಆವೃತ್ತಿಯನ್ನು ಇಮ್ಮಡಿಗೊಳಿಸುವ ವಸ್ತುವಿಗೆ ಪಠ್ಯಪುಸ್ತಕ ಕೇಳುವ ಲಕ್ಷಣಗಳೆಲ್ಲ ಆ ಅಣುವಿನಲ್ಲಿದ್ದವು. ಕಾಯಿಸಿದರೆ ಒಳ್ಳೆಯ ದ್ರವ ಸ್ಫಟಿಕವೂ, ಅಂದರೆ ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಒಂದಿಷ್ಟು ಸಾಲುಗೂಡಿರುವ ವಸ್ತುವೂ, ಆಗುತ್ತಿತ್ತು. ಆದರೆ ಅದು ಯಾವ ಬೆಳಕನ್ನೂ ಇಮ್ಮಡಿಗೊಳಿಸಲಿಲ್ಲ. ಒಂಟಿ ಅಣುವಿಗೆ ಇರುವ ಗುಣ ಅದೇ ಅಣುಗಳು ಕೋಟಿಗಟ್ಟಲೆ ಸೇರಿದಾಗ ಹೇಗೆ ಮಾಯವಾಗುತ್ತದೆ, ಮತ್ತು ಅದನ್ನು ಉಳಿಸಿಕೊಳ್ಳುವಂತೆ ಅಣುವನ್ನು ಹೇಗೆ ರೂಪಿಸಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ನಾನ್‌ಲೀನಿಯರ್ ಆಪ್ಟಿಕ್ಸ್ ಎಂದೇ ಬಳಕೆಯಲ್ಲಿರುವ ಅರೇಖೀಯ ದ್ಯುತಿವಿಜ್ಞಾನದ ಮೂಲ ಸಂಗತಿ ಸರಳವಾದದ್ದು. ಬೆಳಕಿನ ವಿದ್ಯುತ್ ಕ್ಷೇತ್ರ ವಸ್ತುವಿನೊಳಗಿನ ಎಲೆಕ್ಟ್ರಾನುಗಳನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತದೆ. ಕ್ಷೇತ್ರ ದುರ್ಬಲವಾಗಿದ್ದರೆ ಅಲುಗಾಟವೂ ಅದರ ತಾಳಕ್ಕೇ ನಡೆಯುತ್ತದೆ. ಹೊರಬರುವ ಬೆಳಕಿನ ಬಣ್ಣ ಬದಲಾಗುವುದಿಲ್ಲ. ಕ್ಷೇತ್ರ ಪ್ರಬಲವಾಗಿದ್ದು, ಎಲೆಕ್ಟ್ರಾನುಗಳು ಒಂದು ಕಡೆಗೆ ಸಲೀಸಾಗಿ, ಇನ್ನೊಂದು ಕಡೆಗೆ ಕಷ್ಟದಿಂದ ಸರಿಯುವಂತಿದ್ದರೆ ತಾಳ ಓರೆಯಾಗುತ್ತದೆ, ಆ ಓರೆಯೊಳಗಿಂದ ಎರಡು ಪಟ್ಟು ಆವೃತ್ತಿಯ ಬೆಳಕು ಹುಟ್ಟುತ್ತದೆ. ಲೇಸರ್ ಬಂದ ಮರುವರ್ಷವೇ, 1961ರಲ್ಲಿ, ಮಿಚಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಮಾಣಿಕ್ಯದ ಲೇಸರಿನ 694.3 ನ್ಯಾನೋಮೀಟರ್ ಕೆಂಪು ಬೆಳಕನ್ನು ಕ್ವಾರ್ಟ್ಸ್ ಹರಳಿನ ಮೂಲಕ ಹಾಯಿಸಿ, ಅದರ ಅರ್ಧ ತರಂಗಾಂತರದ ಅತಿನೇರಳೆ ಬೆಳಕನ್ನು ಛಾಯಾಚಿತ್ರದ ಫಲಕದ ಮೇಲೆ ಒಂದು ಸಣ್ಣ ಚುಕ್ಕೆಯಾಗಿ ಹಿಡಿದರು. ಪ್ರಬಂಧ ಅಚ್ಚಾಗುವಾಗ ಆ ಚುಕ್ಕೆ ಕೊಳೆಯೆಂದು ಭಾವಿಸಿ ಅಳಿಸಿಬಿಟ್ಟರಂತೆ. ಅಚ್ಚಾದ ಚಿತ್ರದಲ್ಲಿ ಇಂದಿಗೂ ಬಾಣದ ಗುರುತು ಏನೂ ಇಲ್ಲದ ಜಾಗವೊಂದನ್ನು ತೋರಿಸುತ್ತದೆ.

ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ಕಷ್ಟ ಎಂಬ ಭೇದ ಇಡೀ ವಸ್ತುವಿನ ಮಟ್ಟದಲ್ಲಿ ಉಳಿಯಬೇಕಾದರೆ ಆ ವಸ್ತುವಿನ ರಚನೆಗೆ ವಿಲೋಮ ಕೇಂದ್ರ ಇರಕೂಡದು, ಅಂದರೆ ಯಾವುದೇ ಬಿಂದುವಿನ ಮೂಲಕ ರಚನೆಯನ್ನು ತಿರುವಿಹಾಕಿದರೆ ಅದು ಮತ್ತೆ ತಾನೇ ಆಗಿ ಕಾಣಿಸಬಾರದು. ಇದು ಸಮ್ಮಿತಿಯ ಕಟ್ಟಪ್ಪಣೆ. ಅಣುವಿನ ಗುಣ ಎಷ್ಟೇ ದೊಡ್ಡದಿದ್ದರೂ ಇದರಿಂದ ವಿನಾಯಿತಿ ಇಲ್ಲ. ಪ್ಯಾರಾ-ನೈಟ್ರೋಅನಿಲೀನ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಅದರ ಅಣು ಆವೃತ್ತಿ ಇಮ್ಮಡಿಗೊಳಿಸುವುದರಲ್ಲಿ ಬಲು ಸಮರ್ಥ, ಆದರೆ ಹರಳುಗಟ್ಟುವಾಗ ಅಣುಗಳು ಎದುರುಬದುರಾಗಿ ಜೋಡಿಗೂಡಿ ಒಂದರ ಕೆಲಸವನ್ನು ಇನ್ನೊಂದು ಅಳಿಸಿಹಾಕುತ್ತವೆ. ಅದೇ ಅಣುವಿನ ಪಕ್ಕಕ್ಕೊಂದು ಮಿಥೈಲ್ ಗುಂಪನ್ನು ಸೇರಿಸಿದರೆ ಜೋಡಣೆ ಕೆಟ್ಟು, ಹರಳು ಕೆಲಸಕ್ಕೆ ಬರುತ್ತದೆ. ಪಕ್ಕಕ್ಕೆ ಸೇರಿಸಿದ ಈ ಪುಟ್ಟ ಗುಂಪನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ದ್ರವ ಸ್ಫಟಿಕಗಳಲ್ಲಿ ಅತ್ಯಂತ ಸರಳವಾದ ನೆಮ್ಯಾಟಿಕ್ ಸ್ಥಿತಿಯಲ್ಲಿ ಈ ತೊಂದರೆ ಇನ್ನೂ ಹಠಮಾರಿ. ನೆಲಕ್ಕೆ ಚೆಲ್ಲಿದ ಬೆಂಕಿಕಡ್ಡಿಗಳನ್ನು ಬಾಚಿ ಪೊಟ್ಟಣಕ್ಕೆ ತುಂಬಿದಾಗ ಕಡ್ಡಿಗಳೆಲ್ಲ ಉದ್ದಕ್ಕೆ ಸಮನಾಗಿ ಕೂರುತ್ತವೆ, ಆದರೆ ಮದ್ದಿನ ತಲೆ ಅರ್ಧದಷ್ಟು ಕಡ್ಡಿಗಳಿಗೆ ಈ ಕಡೆ, ಉಳಿದವಕ್ಕೆ ಆ ಕಡೆ. ನೆಮ್ಯಾಟಿಕ್‌ನ ಅಣುಗಳೂ ಹಾಗೆಯೇ. ಅಣುವಿನ ದ್ವಿಧ್ರುವ, ಅಂದರೆ ಒಂದು ತುದಿ ಧನ ಇನ್ನೊಂದು ಋಣವಾಗಿರುವ ಗುಣ, ಬಲವಾಗಿದ್ದರೆ ಪರಿಸ್ಥಿತಿ ಸುಧಾರಿಸೀತು ಎಂದು ತೋರುವುದು ಸಹಜ, ಆದರೆ ಪಕ್ಕಪಕ್ಕದಲ್ಲಿಟ್ಟ ಎರಡು ಕಾಂತದ ಪಟ್ಟಿಗಳು ವಿರುದ್ಧ ದಿಕ್ಕಿಗೆ ತಿರುಗಿಕೊಳ್ಳುವಂತೆ ದ್ವಿಧ್ರುವಗಳೂ ಎದುರುಬದುರಾಗಿ ನಿಲ್ಲಲು ಬಯಸುತ್ತವೆ. ಈ ಮಾತನ್ನು ಸ್ಪಷ್ಟವಾಗಿ ಹೇಳಿದವರಲ್ಲಿ ನಮ್ಮ ಬೆಂಗಳೂರಿನವರು ಮೊದಲಿಗರು. 1973ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಮ್ಮೇಳನ ನಡೆಯಿತು. ಅಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎನ್. ವಿ. ಮಧುಸೂದನ ಮತ್ತು ಎಸ್. ಚಂದ್ರಶೇಖರ್ ಅವರು ಬಲವಾದ ದ್ವಿಧ್ರುವವುಳ್ಳ ನೆಮ್ಯಾಟಿಕ್‌ಗಳಲ್ಲಿ ನೆರೆಹೊರೆಯ ಅಣುಗಳು ಪರಸ್ಪರ ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತವೆ ಎಂದು ವಾದಿಸಿದರು. (ಈ ಚಂದ್ರಶೇಖರ್ ಸಿ. ವಿ. ರಾಮನ್ ಅವರ ಸೋದರಳಿಯ, ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ವಿಭಾಗವನ್ನು ನಡೆಸಿದವರು. ನೊಬೆಲ್ ಪಡೆದ ಖಗೋಳ ವಿಜ್ಞಾನಿ ಬೇರೆಯವರು.) ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಅವರ ತಂಡ ಅದೇ ವರ್ಷ ಪ್ರಕಟಿಸಿದ, ಮುಂದೆ ಗಡಿಯಾರ ಮತ್ತು ಕ್ಯಾಲ್ಕ್ಯುಲೇಟರುಗಳ ಪರದೆಗೆ ಹೋದ ಸಯನೋಬೈಫಿನೈಲ್‌ಗಳಲ್ಲಿ ಈ ಜೋಡಣೆಯ ಗುರುತು ಎಕ್ಸ್‌ರೇ ಪ್ರಯೋಗದಲ್ಲಿ ಕಂಡಿತು: ರಚನೆ ಮರುಕಳಿಸುವ ಅಂತರ ಒಂದು ಅಣುವಿನ ಉದ್ದಕ್ಕೆ ಸಮವಾಗಿರದೆ, ಅದರ ಸುಮಾರು 1.4 ಪಟ್ಟು ಇತ್ತು. ಎರಡು ಅಣುಗಳು ತಲೆಬಾಲ ತಿರುಗಿ ಅರ್ಧ ಒತ್ತಿಕೊಂಡು ಮಲಗಿದರೆ ಬರುವ ಲೆಕ್ಕ ಅದು.

ನನ್ನ ಮೊದಲ ಸಂಯುಕ್ತದ ಕಥೆಯೂ ಇದೇ, ಆದರೆ ಅದನ್ನು ಒಪ್ಪಿಕೊಳ್ಳುವ ಮೊದಲು ಒಂದು ಸಂಜೆ ನಾನು ಕುಣಿದಾಡಿದ್ದುಂಟು. ಅತಿಗೆಂಪಿನ 1064 ನ್ಯಾನೋಮೀಟರ್ ಲೇಸರ್ ಸ್ಪಂದಗಳನ್ನು ಮಾದರಿಗೆ ಹಾಯಿಸಿ, ಹಿಂದೆ 532 ನ್ಯಾನೋಮೀಟರ್ ಹಸಿರು ಹುಟ್ಟುತ್ತದೆಯೇ ಎಂದು ನೋಡುವುದು ವಾಡಿಕೆ. ಕತ್ತಲೆಯ ಕೋಣೆಯಲ್ಲಿ ಬಿಳಿ ಕಾಗದದ ಮೇಲೆ ಹಸಿರು ಚುಕ್ಕೆ ಮೂಡಿತು. ಮಾರ್ಗದರ್ಶಕರನ್ನು ಕರೆಯಲು ಹೊರಟವನನ್ನು ನನಗಿಂತ ಎರಡು ವರ್ಷ ಹಿರಿಯರಾದ ಸಹವಿದ್ಯಾರ್ಥಿನಿ ತಡೆದು, "ಮೊದಲು ಕಾಯಿಸಿ ನೋಡಿ, ಆಮೇಲೆ ಕರೆಯುವಿರಂತೆ" ಎಂದರು. ಹಾಟ್ ಸ್ಟೇಜಿನ, ಅಂದರೆ ಮಾದರಿಯನ್ನು ಇಟ್ಟು ಕಾಯಿಸುವ ಪೀಠದ, ತಾಪಮಾನ ಏರಿಸಿ ಮಾದರಿಯನ್ನು ಸಾಧಾರಣ ದ್ರವವಾಗುವ ತನಕ ಕಾಯಿಸಿದೆ. ಸಾಧಾರಣ ದ್ರವದಲ್ಲಿ ಯಾವ ದಿಕ್ಕಿಗೂ ಹೆಚ್ಚುಗಾರಿಕೆ ಇಲ್ಲದಿರುವುದರಿಂದ ಹಸಿರು ಆರಲೇಬೇಕು. ಚುಕ್ಕೆ ಇದ್ದ ಹಾಗೇ ಇತ್ತು. ಮಾದರಿಯನ್ನೇ ತೆಗೆದಿಟ್ಟೆವು, ಆಗಲೂ ಇತ್ತು. ಲೇಸರ್ ಪೆಟ್ಟಿಗೆಯೊಳಗಿನ ಹರಳಿನಿಂದಲೇ ಸೋರಿ ಬರುತ್ತಿದ್ದ ಹಸಿರನ್ನು ತಡೆಯಬೇಕಾದ ಫಿಲ್ಟರನ್ನು ನಾನು ಮೇಜಿನ ಮೇಲೇ ಬಿಟ್ಟಿದ್ದೆ. ಅಂದಿನಿಂದ ಯಾರು ಎಂಥ ಚುಕ್ಕೆ ತೋರಿಸಿದರೂ ನಾನು ಕೇಳುವ ಮೊದಲ ಪ್ರಶ್ನೆ ಕಾಯಿಸಿ ನೋಡಿದಿರಾ ಎಂಬುದೇ.

ಅಣುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಲು ಬೇರೆ ದಾರಿಗಳು ಇಲ್ಲದಿಲ್ಲ. ಬಣ್ಣದ ಅಣುಗಳನ್ನು ಪಾಲಿಮರಿನಲ್ಲಿ ಬೆರೆಸಿ, ಅದು ಮೆದುವಾಗುವವರೆಗೆ ಕಾಯಿಸಿ, ಭಾರಿ ವಿದ್ಯುತ್ ಕ್ಷೇತ್ರ ಕೊಟ್ಟು ತಣಿಸಿದರೆ ದಿಕ್ಕು ಹೆಪ್ಪುಗಟ್ಟುತ್ತದೆ; ಆದರೆ ಅದು ಬಲವಂತದ ವ್ಯವಸ್ಥೆಯಾದ್ದರಿಂದ ಕಾಲ ಕಳೆದಂತೆ ಅಣುಗಳು ಮೆಲ್ಲಗೆ ಹಳೆಯ ಅಸ್ತವ್ಯಸ್ತಕ್ಕೆ ಮರಳುತ್ತವೆ. ಲಿಥಿಯಂ ನಯೋಬೇಟ್‌ನಂಥ ಅಜೈವಿಕ ಹರಳುಗಳು ಗಟ್ಟಿಮುಟ್ಟಾದವು, ಆದರೆ ಅವನ್ನು ಬೆಳೆಸಬೇಕು, ಕೊಯ್ಯಬೇಕು, ಉಜ್ಜಬೇಕು. ದ್ರವ ಸ್ಫಟಿಕವಾದರೋ ಎರಡು ಗಾಜಿನ ನಡುವಿನ ಕೆಲವೇ ಮೈಕ್ರಾನ್ ಸಂದಿನ ಬಾಯಿಗೆ ಒಂದು ಹನಿ ಇಟ್ಟರೆ ಬತ್ತಿಗೆ ಎಣ್ಣೆ ಏರಿದಂತೆ ತಾನಾಗಿ ಒಳಗೆ ಸರಿಯುತ್ತದೆ. ಅದರ ಧ್ರುವೀಯ ಕ್ರಮ, ಅಂದರೆ ತಲೆಗಳೆಲ್ಲ ಒಂದೇ ಕಡೆಗಿರುವ ವ್ಯವಸ್ಥೆ, ಉಷ್ಣಬಲದ ನಿಯಮಕ್ಕೆ ಒಪ್ಪಿದ ಸಮತೋಲನದ ಸ್ಥಿತಿಯೇ ಆಗಿದ್ದರೆ ಅದು ಸಡಿಲಗೊಳ್ಳುವ ಮಾತೇ ಇಲ್ಲ. ಇಷ್ಟು ಲಾಭವಿರುವುದರಿಂದಲೇ ಈ ಹಠಮಾರಿ ಅಣುಗಳ ಬೆನ್ನು ಹತ್ತುವುದು.

ಅಂಥ ಧ್ರುವೀಯ ದ್ರವ ಸ್ಫಟಿಕ ಮೊದಲು ಸಿಕ್ಕಿದ್ದು 1975ರಲ್ಲಿ. ಪದರಗಳೊಳಗೆ ಅಣುಗಳು ವಾಲಿ ನಿಂತು, ಅಣುವಿಗೆ ಎಡಗೈ-ಬಲಗೈ ಭೇದವೂ ಇದ್ದರೆ, ಪದರದ ಸಮತಲದಲ್ಲಿ, ವಾಲುವಿಕೆಗೆ ಅಡ್ಡಲಾಗಿ ವಿದ್ಯುತ್ ಧ್ರುವೀಕರಣ ತಾನಾಗಿ ಮೂಡಲೇಬೇಕು ಎಂದು ರಾಬರ್ಟ್ ಮೇಯರ್ ಸಮ್ಮಿತಿಯ ತರ್ಕವೊಂದರಿಂದಲೇ ಕಂಡುಕೊಂಡರು. ಡೋಬಾಂಬಿಸಿ ಎಂಬ ಸಂಯುಕ್ತದಲ್ಲಿ ಅದು ನಿಜವಾಯಿತು. ಇದೇ ಫೆರೋಎಲೆಕ್ಟ್ರಿಕ್ (ಧ್ರುವೀಕರಣ ತಾನಾಗಿ ಮೂಡುವ) ಸ್ಮೆಕ್ಟಿಕ್ (ಪದರಗಳುಳ್ಳ) ದ್ರವ ಸ್ಫಟಿಕ. ಆವೃತ್ತಿ ಇಮ್ಮಡಿಗೊಳಿಸುವ ಗುಣವೂ ಅದರಲ್ಲಿ ಕಾಣಿಸಿತು, ಆದರೆ ತೀರ ಅಲ್ಪ. ಕಾರಣ ದಿಕ್ಕಿನಲ್ಲಿದೆ. ಇಂಥ ಸ್ಮೆಕ್ಟಿಕ್‌ನಲ್ಲಿ ಧ್ರುವೀಯ ಅಕ್ಷ ಅಣುವಿನ ಉದ್ದಕ್ಕೆ ಅಡ್ಡಲಾಗಿರುತ್ತದೆ. ನಾವು ರಸಾಯನಶಾಸ್ತ್ರಜ್ಞರು ಎಲೆಕ್ಟ್ರಾನುಗಳನ್ನು ತಳ್ಳುವ ದಾನಿ ಮತ್ತು ಸೆಳೆಯುವ ಗ್ರಾಹಿ ಗುಂಪುಗಳನ್ನು ಅಭ್ಯಾಸಬಲದಿಂದ ಅಣುವಿನ ಎರಡು ತುದಿಗಳಿಗೆ, ಅಂದರೆ ಉದ್ದಕ್ಕೆ ಕಟ್ಟುತ್ತೇವೆ. ಆ ದಿಕ್ಕಿನಲ್ಲಿ ತಲೆಬಾಲದ ಭೇದ ಇನ್ನೂ ಅಳಿಸಿಯೇ ಇರುತ್ತದೆ.

ಅಣುವಿನ ವಿನ್ಯಾಸ ಎಂಬ ಮಾತಿಗೆ ನಿಜವಾದ ಅರ್ಥ ಬಂದದ್ದು ಕೊಲೊರಾಡೊದ ಬೌಲ್ಡರ್‌ನಲ್ಲಿ ಡೇವಿಡ್ ವಾಲ್ಬಾ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಎಂಬುದು ನನ್ನ ಅಭಿಪ್ರಾಯ. ಅವರು ದಾನಿ-ಗ್ರಾಹಿ ಜೋಡಿಯನ್ನು ಅಣುವಿನ ಉದ್ದದಿಂದ ಬಿಡಿಸಿ, ಅಡ್ಡಕ್ಕೆ ಕೂರಿಸಿದರು. ತುದಿಯ ಬೆಂಜೀನ್ ಉಂಗುರದ ಮೇಲೆ ಕೈರಲ್, ಅಂದರೆ ಎಡಗೈ-ಬಲಗೈ ಭೇದವುಳ್ಳ, ಆಲ್ಕಾಕ್ಸಿ ಬಾಲ, ಅದರ ಪಕ್ಕದ ಸ್ಥಾನದಲ್ಲೇ ನೈಟ್ರೋ ಗುಂಪು. ಬಾಲದ ಕವಲೂ ನೈಟ್ರೋ ಗುಂಪೂ ಒಂದೇ ಬದಿಯಲ್ಲಿ ಇಕ್ಕಟ್ಟಾಗುವುದರಿಂದ ಒಂದು ಈ ಕಡೆ ಬಂದರೆ ಇನ್ನೊಂದು ಆ ಕಡೆಗೆ ಸರಿಯುತ್ತದೆ. ಬಾಲ ಪದರದೊಳಗೆ ಯಾವ ಭಂಗಿಯಲ್ಲಿರುತ್ತದೆ ಎಂದು ತಿಳಿದರೆ ನೈಟ್ರೋ ಯಾವ ದಿಕ್ಕಿಗೆ ಚಾಚುತ್ತದೆ ಎಂಬುದೂ ತಿಳಿದಂತೆಯೇ. ಹೀಗೆ ಮೊದಲೇ ಲೆಕ್ಕ ಹಾಕಿ ಕಟ್ಟಿದ ಅಣುವಿನ ಅರೇಖೀಯ ಗುಣಾಂಕ, ಅಂದರೆ ಆವೃತ್ತಿ ಇಮ್ಮಡಿಗೊಳಿಸುವ ಸಾಮರ್ಥ್ಯದ ಅಳತೆ, ವೋಲ್ಟಿಗೆ ಸುಮಾರು 0.6 ಪಿಕೋಮೀಟರ್ ಇತ್ತು, ಅಂದರೆ ಕ್ವಾರ್ಟ್ಸ್‌ನ ಸಾಲಿಗೆ ಬರುವಷ್ಟು. ಅಡ್ಡಕ್ಕೆ ಇರುವ ಜಾಗ ಒಂದು ಉಂಗುರದ ಅಗಲದಷ್ಟೇ. ಅಲ್ಲಿ ಉದ್ದನೆಯ ಎಲೆಕ್ಟ್ರಾನ್ ದಾರಿ ಹಾಕಲು ಹೋದರೆ ಅಣು ದಪ್ಪಗಾಗಿ ದ್ರವ ಸ್ಫಟಿಕವೇ ಆಗದೆ ಉಳಿಯುತ್ತದೆ. ನಾನೂ ಈ ದಾರಿಯಲ್ಲಿ ಎರಡು ವರ್ಷ ನಡೆದವನು.

ಆ ಎರಡು ವರ್ಷಗಳ ದಿನಚರಿ ಹೊರಗಿನವರಿಗೆ ಬೇಸರ ತರಿಸುವಂಥದ್ದು. ಬೆಳಿಗ್ಗೆ ಆಮ್ಲವನ್ನೂ ಫೀನಾಲನ್ನೂ ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ, ಡಿಸಿಸಿ ಎಂಬ ಮೇಣದಂಥ ವಸ್ತುವನ್ನು ಕೈಗವಸು ಹಾಕಿಕೊಂಡು ತೂಗಿ ಬೆರೆಸಬೇಕು. ಕೈಗವಸು ಮರೆತರೆ ವಾರವಿಡೀ ತುರಿಕೆ. ಕೆಲವೇ ನಿಮಿಷಗಳಲ್ಲಿ ಫ್ಲಾಸ್ಕು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಆ ಬಿಳಿ ಪುಡಿ ನಮಗೆ ಬೇಕಾದ ಎಸ್ಟರ್ ಅಲ್ಲ, ಜೊತೆಗೆ ಹುಟ್ಟುವ ಯೂರಿಯಾ ಜಾತಿಯ ಕಸ. ಸೋಸಿದಷ್ಟೂ ಅದು ಮತ್ತೆ ಸ್ವಲ್ಪ ಇಳಿಯುತ್ತದೆ. ಅನಂತರ ಸಿಲಿಕಾ ಕಾಲಮ್, ಆಮೇಲೆ ಎಥನಾಲಿನಲ್ಲಿ ಎರಡು ಮೂರು ಬಾರಿ ಮರುಹರಳುಗಟ್ಟಿಸುವುದು. ಇಷ್ಟೆಲ್ಲ ಏಕೆಂದರೆ, ಲೇಶದಷ್ಟು ಅಯಾನುಗಳು ಉಳಿದರೂ ವೋಲ್ಟೇಜು ಕೊಟ್ಟ ಕೂಡಲೇ ಅವು ಗಾಜಿನ ಕಡೆಗೆ ಓಡಿ ಕ್ಷೇತ್ರವನ್ನು ಒಳಕ್ಕೆ ತಲುಪಗೊಡುವುದಿಲ್ಲ. ಇನ್ನೊಂದು ಜಗ್ಗಾಟ ಬಣ್ಣದ್ದು. ಎಲೆಕ್ಟ್ರಾನುಗಳಿಗೆ ದಾರಿ ಉದ್ದವಾದಷ್ಟೂ ಅಣುವಿನ ಅರೇಖೀಯ ಗುಣ ಏರುತ್ತದೆ, ಅದರ ಜೊತೆಗೇ ಸಂಯುಕ್ತ ಬಿಳಿಯಿಂದ ಹಳದಿಗೆ, ಹಳದಿಯಿಂದ ಕಿತ್ತಳೆಗೆ ತಿರುಗಿ, ತಾನೇ ಹುಟ್ಟಿಸಿದ ಹಸಿರನ್ನು ತಾನೇ ನುಂಗತೊಡಗುತ್ತದೆ.

ಈಗ 2017ಕ್ಕೆ ಬರೋಣ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ರಿಚರ್ಡ್ ಮ್ಯಾಂಡಲ್, ಸ್ಟೀಫನ್ ಕೌಲಿಂಗ್ ಮತ್ತು ಜಾನ್ ಗುಡ್‌ಬಿ ಅವರು ಆರ್‌ಎಂ734 ಎಂಬ ಸಂಯುಕ್ತವನ್ನು ವರದಿ ಮಾಡಿದರು; ಅದೇ ವರ್ಷ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ನಿಶಿಕಾವಾ ಮತ್ತು ಸಂಗಡಿಗರು ಡಿಐಒ ಎಂಬ ಫ್ಲೋರೀನ್ ತುಂಬಿದ ಸಂಯುಕ್ತವನ್ನು ಮುಂದಿಟ್ಟರು. ಎರಡರಲ್ಲೂ ಸಾಧಾರಣ ನೆಮ್ಯಾಟಿಕ್ ಸ್ಥಿತಿಯ ಕೆಳಗೆ ಇನ್ನೊಂದು ನೆಮ್ಯಾಟಿಕ್ ಕಾಣಿಸುತ್ತಿತ್ತು. 2020ರಲ್ಲಿ ಬೌಲ್ಡರ್‌ನ ತಂಡ ಆರ್‌ಎಂ734ರ ಕೆಳಗಿನ ಸ್ಥಿತಿ ನಿಜವಾದ ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್ ಎಂದು ತೋರಿಸಿತು. ಪದರಗಳಿಲ್ಲ, ವಾಲುವಿಕೆಯಿಲ್ಲ, ಎಡಬಲ ಭೇದವೂ ಬೇಕಿಲ್ಲ. ಬೆಂಕಿಕಡ್ಡಿಗಳ ತಲೆಗಳೆಲ್ಲ ತಾವಾಗಿಯೇ ಒಂದು ಕಡೆ. ಮ್ಯಾಕ್ಸ್ ಬಾರ್ನ್ 1916ರಲ್ಲೇ ಊಹಿಸಿದ್ದ ದ್ರವ ನೂರು ವರ್ಷಗಳ ಮೇಲೆ ಕೈಗೆ ಸಿಕ್ಕಿತು. ಅದರ ಧ್ರುವೀಕರಣ ಚದರ ಸೆಂಟಿಮೀಟರಿಗೆ ಸುಮಾರು 6 ಮೈಕ್ರೋಕೂಲಂಬ್. ಡೋಬಾಂಬಿಸಿಯದು ಕೆಲವೇ ನ್ಯಾನೋಕೂಲಂಬ್, ಅಂದರೆ ಸಾವಿರ ಪಟ್ಟು ಅಂತರ.

ಆರ್‌ಎಂ734ರ ಅಣುವನ್ನು ಮೊದಲ ಬಾರಿ ಪ್ರಬಂಧದಲ್ಲಿ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ ಎಂದರೆ ಅತಿಶಯೋಕ್ತಿಯಲ್ಲ. ಮೂರು ಬೆಂಜೀನ್ ಉಂಗುರಗಳು, ಎರಡು ಎಸ್ಟರ್ ಕೊಂಡಿಗಳು, ಒಂದು ತುದಿಗೆ ನೈಟ್ರೋ. ಎಲ್ಲ ನನ್ನ ಮೊದಲ ಸಂಯುಕ್ತದಂತೆಯೇ. ವ್ಯತ್ಯಾಸ ಎರಡೇ: ತುದಿಯಲ್ಲಿ ಎಂಟು ಇಂಗಾಲಗಳ ಸರಪಳಿಯ ಬದಲು ಮೊಟಕು ಮೀಥಾಕ್ಸಿ, ಮತ್ತು ಅದೇ ಉಂಗುರದ ಪಕ್ಕಕ್ಕೆ ಇನ್ನೊಂದು ಮೀಥಾಕ್ಸಿ. ನಮಗೆ ಕಲಿಸಿದ್ದು ಇದಕ್ಕೆ ತದ್ವಿರುದ್ಧ. ಉದ್ದ ಸರಪಳಿ ಇದ್ದರೆ ದ್ರವ ಸ್ಫಟಿಕದ ಸ್ಥಿತಿ ಚೆನ್ನಾಗಿ ನಿಲ್ಲುತ್ತದೆ, ಪಕ್ಕಕ್ಕೆ ಗುಂಪು ಸೇರಿಸಿದರೆ ಕೆಡುತ್ತದೆ ಎಂಬ ಪಾಠವನ್ನು ನಾನೂ ಕಣ್ಣಿಗೊತ್ತಿಕೊಂಡು ಪಾಲಿಸಿದ್ದೆ. ಇಲ್ಲಿ ಪಕ್ಕದ ಗುಂಪು ಎರಡು ಅಣುಗಳು ಎದುರುಬದುರಾಗಿ ಮೈಗೆ ಮೈ ತಾಗಿ ಮಲಗುವುದನ್ನು ತಪ್ಪಿಸುತ್ತದೆ. ಸರಪಳಿ ಉದ್ದವಾದಂತೆ ಫೆರೋಎಲೆಕ್ಟ್ರಿಕ್ ಸ್ಥಿತಿ ಕೆಳತಾಪಕ್ಕೆ ಜಾರಿ ಕಾಣೆಯಾಗುತ್ತದೆ. ದ್ವಿಧ್ರುವ ಸುಮಾರು 11 ಡಿಬೈ. ನೀರಿನ ಅಣುವಿನದು 1.85.

ಅಷ್ಟು ದೊಡ್ಡ ದ್ವಿಧ್ರುವಗಳು ಎದುರುಬದುರಾಗಿ ನಿಲ್ಲದೆ ಒಂದೇ ದಿಕ್ಕಿಗೆ ಏಕೆ ನಿಲ್ಲುತ್ತವೆ ಎಂಬುದಕ್ಕೆ ನನಗೆ ಹಿಡಿಸಿದ ವಿವರಣೆ ಮತ್ತೆ ಬೆಂಗಳೂರಿನದೇ, ಅದೂ ಅದೇ ಮಧುಸೂದನ ಅವರದು. 2021ರಲ್ಲಿ ಪ್ರಕಟವಾದ ಅವರ ಮಾದರಿಯಲ್ಲಿ ಅಣುವನ್ನು ಒಂದು ತುದಿಗೆ ಧನ, ಒಂದು ತುದಿಗೆ ಋಣ ಎಂದು ನೋಡದೆ, ಕಡ್ಡಿಯ ಉದ್ದಕ್ಕೂ ಧನ-ಋಣ ವಿದ್ಯುದಂಶಗಳು ಅಲೆಯಂತೆ ಒಂದಾದ ಮೇಲೊಂದು ಬರುವುದಾಗಿ ನೋಡುತ್ತಾರೆ. ಆಗ ಪಕ್ಕದ ಅಣು ಅದೇ ದಿಕ್ಕಿಗೆ ಮುಖಮಾಡಿ ಅರ್ಧ ಅಲೆಯಷ್ಟು ಹಿಂದಕ್ಕೋ ಮುಂದಕ್ಕೋ ಸರಿದು ನಿಂತರೆ ಇದರ ಧನಕ್ಕೆ ಅದರ ಋಣ ಎದುರಾಗುತ್ತದೆ, ಅಣುಗಳು ಜಗಳವಿಲ್ಲದೆ ಒಂದೇ ದಿಕ್ಕಿಗೆ ಮಲಗುತ್ತವೆ. ತುದಿಗಳ ವಿದ್ಯುದಂಶ ಕಡಿಮೆಯಿದ್ದರೆ ಇದಕ್ಕೆ ಇನ್ನೂ ಅನುಕೂಲ. ಎಸ್ಟರ್, ಎಸ್ಟರ್, ನೈಟ್ರೋ ಎಂದು ಸಾಲಾಗಿ ಬರುವ ಗುಂಪುಗಳು ಈ ಅಲೆಯನ್ನೇ ಕಟ್ಟಿಕೊಡುತ್ತವೆ. 1973ರಲ್ಲಿ ಅಣುಗಳು ಏಕೆ ವಿರುದ್ಧ ದಿಕ್ಕಿಗೆ ಮಲಗುತ್ತವೆಂದು ಹೇಳಿದವರೇ ಸುಮಾರು ಐದು ದಶಕಗಳ ಬಳಿಕ ಏಕೆ ಒಂದೇ ದಿಕ್ಕಿಗೆ ಮಲಗುತ್ತವೆಂದು ಹೇಳಿದ್ದನ್ನು ಓದಿ ನನಗಾದ ಸಂತೋಷ ವಿಜ್ಞಾನದ್ದು ಮಾತ್ರ ಅಲ್ಲ.

ಬೆಳಕಿನ ಲೆಕ್ಕಕ್ಕೆ ಬಂದರೆ, ಇಲ್ಲಿ ಧ್ರುವೀಯ ಅಕ್ಷವೂ ಅಣುವಿನ ಉದ್ದವೂ ಒಂದೇ ದಿಕ್ಕಿನಲ್ಲಿವೆ. ದಾನಿ-ಗ್ರಾಹಿಗಳನ್ನು ತುದಿಗಳಿಗೆ ಕಟ್ಟುವ ನಮ್ಮ ಹಳೆಯ ಚಾಳಿಯೇ ಕೊನೆಗೆ ಸರಿಯಾಯಿತು. ಸ್ಪೇನಿನ ಬಿಲ್ಬಾವೊದ ಸಂಶೋಧಕರು ಆರ್‌ಎಂ734ರ ಗುಣಾಂಕವನ್ನು ವೋಲ್ಟಿಗೆ 5.6 ಪಿಕೋಮೀಟರ್ ಎಂದು ಅಳೆದಿದ್ದಾರೆ. ಅರೇಖೀಯ ಗುಣಕ್ಕೆಂದು ವಿಶೇಷವಾಗಿ ರೂಪಿಸದ ಅಣುವಿಗೆ ಇದು ದೊಡ್ಡ ಸಂಖ್ಯೆ. ಆದರೆ ಗುಣಾಂಕ ದೊಡ್ಡದಾದ ಮಾತ್ರಕ್ಕೆ ಹಸಿರು ಬೆಳಕು ಧಾರೆಯಾಗಿ ಬಾರದು. ಇಮ್ಮಡಿ ಆವೃತ್ತಿಯ ಬೆಳಕಿಗೆ ವಕ್ರೀಭವನಾಂಕ ಹೆಚ್ಚಿರುವುದರಿಂದ ಅದು ಮೂಲ ಬೆಳಕಿಗಿಂತ ನಿಧಾನ. ಸ್ವಲ್ಪ ದೂರ ಸಾಗುವಷ್ಟರಲ್ಲಿ ಎರಡರ ಹೆಜ್ಜೆ ತಪ್ಪಿ, ಹೊಸದಾಗಿ ಹುಟ್ಟುವ ಹಸಿರು ಹಿಂದೆ ಹುಟ್ಟಿದ್ದನ್ನೇ ಅಳಿಸತೊಡಗುತ್ತದೆ. 1064 ನ್ಯಾನೋಮೀಟರ್ ಬೆಳಕಿಗೆ, ವಕ್ರೀಭವನಾಂಕಗಳ ವ್ಯತ್ಯಾಸ 0.05 ಎಂದಿಟ್ಟುಕೊಂಡರೆ ಈ ದೂರ 5.3 ಮೈಕ್ರಾನ್ ಮಾತ್ರ. ಹರಳಿನವರು ಇದನ್ನು ನೀಗಲು ಪ್ರತಿ ಕೆಲವು ಮೈಕ್ರಾನಿಗೆ ಧ್ರುವೀಕರಣವನ್ನು ತಿರುವುಮುರುವು ಮಾಡುತ್ತಾರೆ, ಅದಕ್ಕೆ ಸಾವಿರಾರು ವೋಲ್ಟು ಬೇಕಾಗುತ್ತದೆ. ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್‌ನಲ್ಲಿ ಸ್ವಲ್ಪ ಕೈರಲ್ ವಸ್ತುವನ್ನು ಬೆರೆಸಿದರೆ ಸಾಕು, ಧ್ರುವೀಕರಣ ತಾನಾಗಿ ಸುರುಳಿ ಸುತ್ತುತ್ತದೆ. ಬೆರಕೆಯ ಪ್ರಮಾಣದಿಂದ ಸುರುಳಿಯ ಅಂತರವನ್ನು ನಮಗೆ ಬೇಕಾದಷ್ಟಕ್ಕೆ ತಂದುಕೊಳ್ಳಬಹುದು. 2024ರಲ್ಲಿ ಜರ್ಮನಿಯ ಎರ್ಲಾಂಗೆನ್ ಮತ್ತು ಸ್ಲೊವೇನಿಯಾದ ಲ್ಯೂಬ್ಲಿಯಾನಾದ ಸಂಶೋಧಕರು ಇದೇ ಜಾತಿಯ ದ್ರವದಲ್ಲಿ ಒಂದು ಫೋಟಾನನ್ನು ಎರಡಾಗಿ ಒಡೆದು, ಪರಸ್ಪರ ಹೆಣೆದುಕೊಂಡ ಜೋಡಿಗಳನ್ನು ಪಡೆದರು. ಅಣುಗಳ ತಿರುಚನ್ನು ಬದಲಿಸಿ, ಅಥವಾ ಒಂದಿಷ್ಟು ವೋಲ್ಟೇಜು ಕೊಟ್ಟು, ಆ ಜೋಡಿಗಳ ಧ್ರುವಣ ಸ್ಥಿತಿಯನ್ನು ಬೇಕಾದಂತೆ ಮಾರ್ಪಡಿಸಬಹುದು ಎಂಬುದೇ ಅಲ್ಲಿನ ಮುಖ್ಯ ಮಾತು. ಗಟ್ಟಿ ಹರಳಿನಲ್ಲಿ ಇಷ್ಟು ಸುಲಭಕ್ಕೆ ಇದು ದಕ್ಕದು.

ಬೆಳಕಿನ ತೀವ್ರತೆಗೆ ತಕ್ಕಂತೆ ವಕ್ರೀಭವನಾಂಕವೇ ಬದಲಾಗುವ ಮೂರನೆಯ ಶ್ರೇಣಿಯ ಪರಿಣಾಮಗಳಿಗೆ ಈ ಸಮ್ಮಿತಿಯ ಕಾಟವಿಲ್ಲ, ಸಾಧಾರಣ ನೆಮ್ಯಾಟಿಕ್ ಅದರಲ್ಲಿ ದೈತ್ಯ. ಲೇಸರ್ ಬೆಳಕೇ ಅಣುಗಳನ್ನು ಹಿಡಿದು ತಿರುಗಿಸುವುದನ್ನು 1980ರ ಹೊತ್ತಿಗೇ ಕಂಡಿದ್ದರು. ಅಲ್ಲಿನ ತೊಂದರೆ ವೇಗದ್ದು, ಅಣುಗಳು ಮೈಮುರಿದು ತಿರುಗಲು ಮಿಲಿಸೆಕೆಂಡುಗಳು ಬೇಕು. ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ.

ಈಗ ನಾನು ಪಾಠ ಹೇಳುವ ಕಾಲೇಜಿನಲ್ಲಿ ಲೇಸರ್ ಇಲ್ಲ, ಒಂದು ಹಳೆಯ ಪೋಲರೈಸಿಂಗ್ ಮೈಕ್ರೋಸ್ಕೋಪು ಮತ್ತು ಹಾಟ್ ಸ್ಟೇಜು ಇವೆ. ಕಳೆದ ರಜೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ನನ್ನ ಹಳೆಯ ಅಣುವಿನ ಸರಪಳಿಯನ್ನು ಮೊಟಕುಗೊಳಿಸಿ, ಪಕ್ಕಕ್ಕೆ ಮೀಥಾಕ್ಸಿ ಸೇರಿಸಿ, ಅಂದರೆ ಆರ್‌ಎಂ734 ಅನ್ನೇ ಮರುತಯಾರಿಸಿದರು. ಅದರ ಫೆರೋಎಲೆಕ್ಟ್ರಿಕ್ ಸ್ಥಿತಿ ಸುಮಾರು 133 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ, ಕರಗುವ ಬಿಂದುವಿಗಿಂತಲೂ ಕೆಳಗೆ ಇರುವುದರಿಂದ, ತಣಿಸುವಾಗ ಮಾತ್ರ ಕಾಣಸಿಗುತ್ತದೆ. 135ಕ್ಕೆ ಇಳಿಯುತ್ತಿದ್ದಂತೆ ನೆಮ್ಯಾಟಿಕ್‌ನ ನೋಟ ನಡುಗುವಂತೆ ಮಿನುಗತೊಡಗಿತು. ಹೊಸ ಸ್ಥಿತಿ ಹತ್ತಿರ ಬಂದಿದೆ ಎಂಬುದರ ಸೂಚನೆ ಅದು. ಇಬ್ಬರೂ ಉಸಿರು ಬಿಗಿಹಿಡಿದೆವು. ನೋಡುತ್ತಿದ್ದಂತೆಯೇ ಗಾಜಿನ ಅಂಚಿನಿಂದ ಹರಳಿನ ಸೂಜಿಗಳು ಹೊರಟು ಅರ್ಧ ನಿಮಿಷದಲ್ಲಿ ಇಡೀ ನೋಟವನ್ನು ನುಂಗಿಬಿಟ್ಟವು. "ಸರ್, ಇನ್ನೊಂದು ಸಲ ಎಥನಾಲಿನಲ್ಲಿ ಹರಳುಗಟ್ಟಿಸಿ ತರುತ್ತೇನೆ, ಈ ಸಲ ಬೇಗ ತಣಿಸೋಣ" ಎಂದು ಹೇಳಿ ಅವರು ಗಾಜನ್ನು ಅಸಿಟೋನಿನಲ್ಲಿ ತೊಳೆಯಲು ಹೋದರು.